ಡಾಕ್ಟರ್ ಆರ್ಡರ್‌ನಿಂದ ರೋಗಿಯ ಕೈಪಟ್ಟಿ ತನಕ: ಇಷ್ಟೆಲ್ಲಾ ಸಿಸ್ಟಮ್ ಒಟ್ಟಿಗೆ ಹೇಗೆ ಕೆಲಸ ಮಾಡುತ್ತವೆ?

ಬೆಣ್ಣೆದೋಸೆ_ಫಾರ್ಮಸಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆ ಕಡೆ ಒಂದು ಖಾಸಗಿ ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ಇನ್ನೂರು ಚಿಲ್ಲರೆ ಬೆಡ್. ಇಲ್ಲಿ ಇನ್ನೂ ಹಳೇ ಪದ್ಧತಿಯೇ. ಡಾಕ್ಟರ್ ಕೇಸ್ ಶೀಟ್‌ನಲ್ಲಿ ಬರೆಯುತ್ತಾರೆ, ಸಿಸ್ಟರ್ ಅದನ್ನು ನೋಡಿ ಕಂಪ್ಯೂಟರ್‌ನಲ್ಲಿ ಇಂಡೆಂಟ್ (ಬೇಕಾದ ಔಷಧಿಗಳ ಬೇಡಿಕೆ ಪಟ್ಟಿ) ಹಾಕುತ್ತಾರೆ, ನಾವು ಇಂಡೆಂಟ್ ನೋಡಿ ಬಿಲ್ ಮಾಡಿ ಔಷಧಿ ವಾರ್ಡ್‌ಗೆ ಕಳಿಸುತ್ತೇವೆ. ಡಾಕ್ಟರ್ ಬರೆದ ಶೀಟ್ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಈಗ ಮ್ಯಾನೇಜ್‌ಮೆಂಟ್‌ನವರು ಎಲ್ಲ ಬದಲಾಯಿಸಲು ಹೊರಟಿದ್ದಾರೆ. ಡಾಕ್ಟರೇ ಆರ್ಡರ್ ಕಂಪ್ಯೂಟರ್‌ಗೆ ಹಾಕಬೇಕಂತೆ, ರೋಗಿಯ ಕೈಗೆ ಬಾರ್‌ಕೋಡ್ ಪಟ್ಟಿ, ಸಿಸ್ಟರ್ ಕೈಗೆ ಸ್ಕ್ಯಾನರ್, ಐಸಿಯುಗೆ ರಕ್ತನಾಳಕ್ಕೆ ಔಷಧಿ ಹರಿಸುವ ಹೊಸ ಪಂಪ್. ಕಂಪನಿಯವರು ಬಂದು ಡೆಮೊ ಕೊಟ್ಟರು. ಸ್ಕ್ಯಾನ್ ಮಾಡಿದರೆ ಹಸಿರು, ತಪ್ಪಿದ್ದರೆ ಕೆಂಪು, ಇನ್ನು ಮೇಲೆ ತಪ್ಪೇ ಆಗುವುದಿಲ್ಲ ಅಂದರು. ಎಲ್ಲರೂ ತಲೆಯಾಡಿಸಿದರು.

ನನಗೆ ಮಾತ್ರ ಒಂದು ಅರ್ಥ ಆಗಲಿಲ್ಲ. ಇದರಲ್ಲಿ ಯಾವುದು ಯಾವುದಕ್ಕೆ ಏನು ಹೇಳುತ್ತದೆ? ಆರ್ಡರೇ ತಪ್ಪಿದ್ದರೆ ಸ್ಕ್ಯಾನರ್‌ಗೆ ಹೇಗೆ ಗೊತ್ತಾಗುತ್ತದೆ? ನಮ್ಮ ಸ್ಟಾಕ್ ಸಾಫ್ಟ್‌ವೇರ್ ಹಳೆಯದು, ಅದನ್ನು ಬದಲಾಯಿಸುವುದಿಲ್ಲ, ಹೊಸದಕ್ಕೆ 'ಜೋಡಿಸುತ್ತೇವೆ' ಅಂತಿದ್ದಾರೆ. ಫಾರ್ಮಸಿ ಕಡೆಯಿಂದ ನಾವು ಏನು ಕೇಳಬೇಕು? ಇಂಥ ಕಡೆ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ವಾರ್ಡ್‌ರೌಂಡ್_ಮೈಸೂರು:

ಡೆಮೊದಲ್ಲಿ ಎಲ್ಲ ಹಸಿರಾಗಿಯೇ ಇರುತ್ತದೆ ಬಿಡಿ ಸರ್. ನಾನು ಕ್ಲಿನಿಕಲ್ ಫಾರ್ಮಸಿಸ್ಟ್, ಇಂಥ ಸಿಸ್ಟಮ್ ಜೊತೆ ದಿನಾ ಗುದ್ದಾಡುವವಳು. ನಿಮ್ಮ ಎರಡನೇ ಪ್ರಶ್ನೆಯೇ ಮುಖ್ಯವಾದದ್ದು, ಅದಕ್ಕೆ ಆಮೇಲೆ ಬರುತ್ತೇನೆ.

ಒಬ್ಬ ರೋಗಿಯನ್ನು ಹಿಡಿದುಕೊಂಡು ಹೋದರೆ ಸುಲಭ. ಎಪ್ಪತ್ತು ದಾಟಿದ ಅಜ್ಜಿ, ಸೊಂಟದ ಮೂಳೆ ಮುರಿದು ಅಡ್ಮಿಟ್ ಆಗಿದ್ದಾರೆ ಅಂದುಕೊಳ್ಳಿ. ರಕ್ತ ಹೆಪ್ಪುಗಟ್ಟದಿರಲಿ ಅಂತ ಎನಾಕ್ಸಪರಿನ್ 40 ಎಂಜಿ, ದಿನಕ್ಕೊಂದು ಇಂಜೆಕ್ಷನ್ ಬರೆಯುತ್ತಾರೆ. ಅಡ್ಮಿಷನ್ ಕೌಂಟರ್‌ನಲ್ಲಿ ಹೆಸರು, ವಯಸ್ಸು, ಯುಎಚ್‌ಐಡಿ (ಆಸ್ಪತ್ರೆ ಕೊಡುವ ರೋಗಿಯ ನಂಬರ್) ಹಾಕಿದ ಕೂಡಲೇ ಅದು ಫಾರ್ಮಸಿಗೂ ಲ್ಯಾಬ್‌ಗೂ ಹೋಗಬೇಕು. ತೂಕವನ್ನು ವಾರ್ಡ್‌ನಲ್ಲಿ ತೂಗಿಯೇ ಹಾಕಬೇಕು, ಮಗನನ್ನು ಕೇಳಿ ಅಂದಾಜಿಗೆ ಬರೆದದ್ದಲ್ಲ. ಡಾಕ್ಟರ್ ಆರ್ಡರ್ ಹಾಕುವಾಗ ಸಾಫ್ಟ್‌ವೇರ್ ಅಲರ್ಜಿ ನೋಡುತ್ತದೆ, ಅಜ್ಜಿ ಈಗಾಗಲೇ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ ಅಂತ ನೋಡುತ್ತದೆ, ಡೋಸ್ ನೋಡುತ್ತದೆ. ಕ್ರಿಯಾಟಿನಿನ್ ಕ್ಲಿಯರೆನ್ಸ್ (ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅನ್ನುವ ಲೆಕ್ಕ) 30ಕ್ಕಿಂತ ಕೆಳಗಿದ್ದರೆ ಈ ಡೋಸ್ ಇಳಿಸಬೇಕು. ಸರಿ, ಆ ರಿಪೋರ್ಟ್ ಆರ್ಡರ್ ಹಾಕಿದ ನಾಲ್ಕು ಗಂಟೆ ಆದಮೇಲೆ ಬಂದರೆ? ಬಹಳ ಸಾಫ್ಟ್‌ವೇರ್‌ಗಳು ಆರ್ಡರ್ ಹಾಕುವ ಹೊತ್ತಿಗೆ ಒಂದು ಸಲ ನೋಡಿ ಸುಮ್ಮನಾಗುತ್ತವೆ. ಲ್ಯಾಬ್ ರಿಪೋರ್ಟ್ ಬಂದಾಗ ಹಳೇ ಆರ್ಡರ್‌ಗಳನ್ನು ಮತ್ತೆ ತಿರುಗಿ ನೋಡುತ್ತದೆಯಾ ಅಂತ ಮೊದಲು ಕೇಳಿ.

ಆಮೇಲೆ ಆರ್ಡರ್ ನಿಮ್ಮ ಕ್ಯೂಗೆ ಬರುತ್ತದೆ. ನೀವು ನೋಡಿ ಸರಿ ಅಂದಮೇಲೆ ಮಾತ್ರ ಔಷಧಿ ಹೊರಗೆ ಹೋಗಬೇಕು. ಇಂಡೆಂಟ್ ಪದ್ಧತಿಯಲ್ಲಿ ಇಲ್ಲದೇ ಇದ್ದದ್ದು ಇದೇ, ನಿಮಗೆ ಸಿಗುವ ದೊಡ್ಡ ಲಾಭವೂ ಇದೇ. ಇಂಜೆಕ್ಷನ್ ವಾರ್ಡ್‌ಗೆ ಹೋದಮೇಲೆ ಸಿಸ್ಟರ್ ಅಜ್ಜಿಯ ಕೈಪಟ್ಟಿ ಸ್ಕ್ಯಾನ್ ಮಾಡಿ, ಸಿರಿಂಜ್ ಸ್ಕ್ಯಾನ್ ಮಾಡಿ, ಎರಡೂ ಆರ್ಡರ್‌ಗೆ ಹೊಂದಿದರೆ ಕೊಡುತ್ತಾರೆ. ಕೊಟ್ಟ ಹೊತ್ತು ತಾನಾಗೇ ಚಾರ್ಟ್‌ನಲ್ಲಿ ಬೀಳುತ್ತದೆ.

ಇದರಿಂದ ಉಪಯೋಗ ಇಲ್ಲವಾ ಅಂದರೆ ಖಂಡಿತಾ ಇದೆ. ಬಾಸ್ಟನ್‌ನ ಬ್ರಿಗಮ್ ಅಂಡ್ ವಿಮೆನ್ಸ್ ಆಸ್ಪತ್ರೆಯ 1998ರ ಅಧ್ಯಯನದಲ್ಲೇ, ಡಾಕ್ಟರು ಆರ್ಡರನ್ನು ಕಂಪ್ಯೂಟರ್‌ನಲ್ಲಿ ಹಾಕಿದಾಗ ಗಂಭೀರ ತಪ್ಪುಗಳು 55% ಕಡಿಮೆಯಾದದ್ದು ಕಂಡಿತ್ತು. ಅದೇ ಆಸ್ಪತ್ರೆಯ 2010ರ ಅಧ್ಯಯನದಲ್ಲಿ ಬಾರ್‌ಕೋಡ್ ಬಂದಮೇಲೆ ಔಷಧಿ ಕೊಡುವಾಗಿನ ತಪ್ಪು (ತಡವಾಗಿ ಕೊಟ್ಟದ್ದನ್ನು ಬಿಟ್ಟು) 11.5%ನಿಂದ 6.8%ಗೆ ಇಳಿಯಿತು. 6.8 ಅಂದರೆ ಸೊನ್ನೆ ಅಲ್ಲ, ಅಲ್ವಾ? ಡೆಮೊದವರಿಗೆ ಅದನ್ನು ಹೇಳಿ.

ಈಗ ನಿಮ್ಮ ಎರಡನೇ ಪ್ರಶ್ನೆ. ಸ್ಕ್ಯಾನರ್ ನೋಡುವುದು ಕೈಯಲ್ಲಿರುವ ಔಷಧಿ ಆರ್ಡರ್‌ಗೆ ಹೊಂದುತ್ತದಾ ಅಂತ ಮಾತ್ರ. ಆರ್ಡರ್ ಸರಿಯಾ ಅಂತ ಅದಕ್ಕೆ ಗೊತ್ತಾಗುವುದೇ ಇಲ್ಲ. 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ನಡೆದದ್ದು ಇದೇ. ಆಸ್ಪತ್ರೆಯವರೇ ಮುಚ್ಚಿಡದೆ ಹೊರಗೆ ಹೇಳಿದ ಕೇಸ್ ಅದು. 16 ವರ್ಷದ ಹುಡುಗ, 38.6 ಕೆಜಿ. ಕೋಟ್ರೈಮಾಕ್ಸಜೋಲ್ ಅನ್ನುವ ಆ್ಯಂಟಿಬಯಾಟಿಕ್ ಕೊಡಬೇಕು. ಕೆಜಿಗೆ 5 ಎಂಜಿ ಲೆಕ್ಕದಲ್ಲಿ 193 ಎಂಜಿ ಬಂತು. ಮಾತ್ರೆ ಇರುವುದು 160ರದ್ದು. ಫಾರ್ಮಸಿಸ್ಟ್ ಅವರ ನಿಯಮದಂತೆ, 160 ಅಂತ ತಿದ್ದಿ ಮತ್ತೆ ಹಾಕಿ ಅಂತ ಡಾಕ್ಟರ್‌ಗೆ ಹೇಳಿದರು. ಡಾಕ್ಟರ್ 160 ಅಂತಲೇ ಹಾಕಿದರು. ಆದರೆ ಸ್ಕ್ರೀನ್‌ನಲ್ಲಿ ಆ ನಂಬರ್ ತುಂಬುವ ಜಾಗದ ಪಕ್ಕದ ಯೂನಿಟ್ ಎಂಜಿ ಆಗಿರಲಿಲ್ಲ, ಕೆಜಿಗೆ ಎಂಜಿ ಅಂತಿತ್ತು. 160ನ್ನು 38.6ರಿಂದ ಗುಣಿಸಿ ಸಾಫ್ಟ್‌ವೇರ್ ಮೂವತ್ತೆಂಟೂವರೆ ಮಾತ್ರೆ ಅಂತ ಆರ್ಡರ್ ಮಾಡಿತು. ಕೊಡಬೇಕಾದದ್ದು ಒಂದೇ ಒಂದು!

ಇನ್ನು ಮುಂದಿನದ್ದು ನೋಡಿ. ಡಾಕ್ಟರ್‌ಗೆ ಅಲರ್ಟ್ ಬಂತು, ದಾಟಿದರು. ಫಾರ್ಮಸಿಸ್ಟ್‌ಗೂ ಅಲರ್ಟ್ ಬಂತು, ಅವರೂ ದಾಟಿದರು. ದಿನಾ ಅಂಥ ನೂರು ಅಲರ್ಟ್ ನೋಡಿ ಕಣ್ಣು ಸೋತಿರುತ್ತದೆ. ಫಾರ್ಮಸಿಯ ಪ್ಯಾಕಿಂಗ್ ರೋಬೋಟ್ ಒಂದೂ ತಪ್ಪದೆ ಎಣಿಸಿ ಪ್ಯಾಕ್ ಮಾಡಿತು. ನರ್ಸ್‌ಗೆ ಅನುಮಾನ ಬಂತು, ಆದರೆ ಸ್ಕ್ಯಾನ್ ಮಾಡಿದರೆ ಸರಿ ಅಂತ ತೋರಿಸಿತು. ಹುಡುಗ ಅಷ್ಟೂ ನುಂಗಿದ. ಕೆಲವು ಗಂಟೆ ಆದಮೇಲೆ ಫಿಟ್ಸ್ ಬಂತು. ಪುಣ್ಯಕ್ಕೆ ಬದುಕಿದ.

ಅಲ್ಲಿ ಯಾವ ಯಂತ್ರವೂ ಕೆಟ್ಟಿರಲಿಲ್ಲ. ಒಂದೊಂದೂ ತನ್ನ ಮೇಲಿನದ್ದನ್ನು ನಂಬಿಕೊಂಡು ಕೆಲಸ ಮಾಡಿತು.

ಇಂಟರ್ಫೇಸ್_ಮಾವ:

ಮೇಲೆ ಮೇಡಂ ಚೆನ್ನಾಗಿ ಹೇಳಿದ್ದಾರೆ. ನಾನು ಬೆಂಗಳೂರಲ್ಲಿ ಆಸ್ಪತ್ರೆ ಸಾಫ್ಟ್‌ವೇರ್‌ಗಳನ್ನು ಒಂದಕ್ಕೊಂದು ಜೋಡಿಸುವ ಕೆಲಸ ಮಾಡುವವನು. 'ಜೋಡಿಸುತ್ತೇವೆ' ಅಂದರಲ್ಲ, ಆ ಒಂದು ಮಾತಿನಲ್ಲೇ ನಿಮ್ಮ ಮುಂದಿನ ಒಂದು ವರ್ಷದ ತಲೆನೋವು ಇದೆ 😀

ಈ ಸಾಫ್ಟ್‌ವೇರ್‌ಗಳು ಒಂದರ ಡೇಟಾಬೇಸ್‌ಗೆ ಇನ್ನೊಂದು ಕೈ ಹಾಕುವುದಿಲ್ಲ. ಮೆಸೇಜ್ ಕಳಿಸುತ್ತವೆ. ಹೆಚ್ಚಿನ ಕಡೆ ಎಚ್‌ಎಲ್‌7 ಅನ್ನುವ ಹಳೇ ಪದ್ಧತಿ, ಹೊಸದರಲ್ಲಿ ಎಫ್‌ಎಚ್‌ಐಆರ್. ರೋಗಿ ಅಡ್ಮಿಟ್ ಆದರೆ ಒಂದು ಮೆಸೇಜ್, ಬೆಡ್ ಬದಲಾದರೆ ಒಂದು, ಆರ್ಡರ್‌ಗೆ ಒಂದು, ಔಷಧಿ ಕೊಟ್ಟದ್ದಕ್ಕೆ ಒಂದು, ನಿಲ್ಲಿಸಿದ್ದಕ್ಕೆ ಒಂದು. ನಿಲ್ಲಿಸಿದ್ದು ಅಂದೆನಲ್ಲ, ಅದನ್ನೇ ಎಲ್ಲರೂ ಮರೆಯುತ್ತಾರೆ. ಹೊಸ ಆರ್ಡರ್ ಹೋಗುವುದನ್ನು ಹತ್ತು ಸಲ ಟೆಸ್ಟ್ ಮಾಡುತ್ತಾರೆ, ಡಾಕ್ಟರ್ ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ) ನಿಲ್ಲಿಸಿದರೆ ಫಾರ್ಮಸಿ ಕಡೆಯೂ ನಿಲ್ಲುತ್ತದಾ ಅಂತ ಯಾರೂ ನೋಡುವುದಿಲ್ಲ. ಮೆಸೇಜ್ ಮಧ್ಯದಲ್ಲಿ ಸಿಕ್ಕಿಕೊಂಡರೆ ವಾರ್ಡ್ ಸ್ಕ್ರೀನ್‌ನಲ್ಲಿ ನಿಂತಿರುತ್ತದೆ, ನಿಮ್ಮ ಸ್ಕ್ರೀನ್‌ನಲ್ಲಿ ನಡೆಯುತ್ತಲೇ ಇರುತ್ತದೆ. ಸಿಕ್ಕಿಕೊಂಡ ಮೆಸೇಜ್‌ಗಳ ಕ್ಯೂ ಯಾರ ಸ್ಕ್ರೀನ್‌ನಲ್ಲಿ ಕಾಣುತ್ತದೆ, ರಾತ್ರಿ ಎರಡಕ್ಕೆ ಅದನ್ನು ನೋಡುವವರು ಯಾರು? ಇದನ್ನು ಬರೆಸಿಕೊಳ್ಳಿ.

ಎರಡನೇದು ಡ್ರಗ್ ಮಾಸ್ಟರ್, ಅಂದರೆ ಸಾಫ್ಟ್‌ವೇರ್ ಒಳಗಿನ ಎಲ್ಲ ಔಷಧಿಗಳ ಮೂಲ ಪಟ್ಟಿ. ನಿಮ್ಮ ಹಳೇ ಸ್ಟಾಕ್ ಸಾಫ್ಟ್‌ವೇರ್‌ನಲ್ಲಿ ಪ್ಯಾರಾಸಿಟಮಾಲ್ 500 ಎಷ್ಟು ಸಲ ಇದೆ ಅಂತ ಒಮ್ಮೆ ತೆಗೆದು ನೋಡಿ. ಒಂದೊಂದು ಬ್ರ್ಯಾಂಡಿಗೆ ಒಂದು, ಸ್ಪೆಲ್ಲಿಂಗ್ ತಪ್ಪಿದ್ದಕ್ಕೆ ಒಂದು, 'ಹಳೇ ರೇಟ್' ಅಂತ ಇನ್ನೊಂದು. ಬಿಲ್ಲಿಂಗ್‌ಗೆ ಅದು ನಡೆಯುತ್ತದೆ. ಸುರಕ್ಷತೆಗೆ ನಡೆಯುವುದಿಲ್ಲ. ಸಾಫ್ಟ್‌ವೇರ್ ಅಲರ್ಜಿ ಹಿಡಿಯಬೇಕಾದರೆ ಆ ಬ್ರ್ಯಾಂಡ್ ಒಳಗೆ ಯಾವ ಔಷಧಿ ಇದೆ ಅಂತ ಅದಕ್ಕೆ ಗೊತ್ತಿರಬೇಕು. ಹೊಸ ಬ್ರ್ಯಾಂಡ್ ಬಂದಾಗ ಸ್ಟೋರ್‌ನವರು ಅವಸರದಲ್ಲಿ ಹೆಸರು, ದರ, ಜಿಎಸ್‌ಟಿ ಮಾತ್ರ ತುಂಬಿ, ಒಳಗಿನ ಔಷಧಿ ಯಾವುದು ಅನ್ನುವ ಕಾಲಂ ಖಾಲಿ ಬಿಟ್ಟರೆ ಆ ಬ್ರ್ಯಾಂಡಿಗೆ ಒಂದೇ ಒಂದು ಅಲರ್ಟೂ ಬರುವುದಿಲ್ಲ. ಪೆನಿಸಿಲಿನ್ ಅಲರ್ಜಿ ಇರುವವರಿಗೆ ಅದೇ ಜಾತಿಯ ಆಮಾಕ್ಸಿಸಿಲಿನ್ ಸಲೀಸಾಗಿ ಹೋಗುತ್ತದೆ, ಸ್ಕ್ರೀನ್ ಹಸಿರಾಗಿಯೇ ಇರುತ್ತದೆ. ಖಾಲಿ ಕಾಲಂ ಇದ್ದರೆ ಆ ಐಟಂ ಆರ್ಡರ್‌ಗೇ ಬರಬಾರದು ಅಂತ ಬೀಗ ಹಾಕಿಸಿ.

ಪಂಪ್ ಬಗ್ಗೆ ಒಂದು ಮಾತು. ಆ ಪಂಪ್‌ಗಳೊಳಗೆ ಡ್ರಗ್ ಲೈಬ್ರರಿ ಅಂತ ಇರುತ್ತದೆ. ಯಾವ ಔಷಧಿ, ಎಷ್ಟು ಸಾಂದ್ರತೆ, ಎಷ್ಟು ವೇಗ ದಾಟಬಾರದು ಅಂತ. ಕೆಲವು ಮಿತಿ ಎಚ್ಚರಿಸಿ ಬಿಡುತ್ತವೆ, ಕೆಲವು ಬಿಡುವುದೇ ಇಲ್ಲ. ನಾರ್‌ಅಡ್ರೆನಲಿನ್ (ಬಿಪಿ ಏರಿಸುವ ಔಷಧಿ) 50 ಎಂಎಲ್‌ನಲ್ಲಿ 4 ಎಂಜಿ ಅಂತ ಲೈಬ್ರರಿಯಲ್ಲಿದ್ದು, ಐಸಿಯುನಲ್ಲಿ ಅದನ್ನು 8 ಎಂಜಿ ಹಾಕಿ ಕಲಸುವ ರೂಢಿ ಇದ್ದರೆ, ಪಂಪ್ ತಾನು ಸರಿಯಾದ ಡೋಸ್ ಕೊಡುತ್ತಿದ್ದೇನೆ ಅಂದುಕೊಂಡು ಎರಡರಷ್ಟು ಕೊಡುತ್ತದೆ. ಅಂದರೆ ಪಂಪ್ ಕೊಳ್ಳುವ ಮೊದಲು ಐಸಿಯು ಡಾಕ್ಟರು, ಅನೆಸ್ತೇಶಿಯಾದವರು, ನೀವು ಕೂತು ಒಂದೊಂದು ಔಷಧಿಗೂ ಒಂದೇ ಸಾಂದ್ರತೆ ಅಂತ ಒಪ್ಪಿಕೊಳ್ಳಬೇಕು. ಇದು ಸಾಫ್ಟ್‌ವೇರ್ ಕೆಲಸ ಅಲ್ಲ, ಜಗಳದ ಕೆಲಸ. ಇನ್ನೊಂದು, ಲೈಬ್ರರಿ ತಿದ್ದಿದರೆ ಎಲ್ಲ ಪಂಪ್‌ಗೂ ತಕ್ಷಣ ಹೋಗುವುದಿಲ್ಲ. ಕೆಲವು ಮಾಡೆಲ್‌ಗಳಲ್ಲಿ ಆಫ್ ಮಾಡಿ ಆನ್ ಮಾಡಿದ ಮೇಲೆಯೇ ಹೊಸದು ಬರುವುದು. ಯಾವ ಪಂಪ್‌ನಲ್ಲಿ ಯಾವ ಲೈಬ್ರರಿ ಇದೆ ಅಂತ ತೋರಿಸುವ ರಿಪೋರ್ಟ್ ಕೇಳಿ.

ಟೆಕ್ಸಾಸ್_ಸಿಸ್ಟರ್:

ನಾನು ಮಂಗಳೂರಲ್ಲಿ ನರ್ಸಿಂಗ್ ಓದಿ ಈಗ ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದೇನೆ. ಇಲ್ಲಿ ಎಲ್ಲ ವಾರ್ಡ್‌ನಲ್ಲೂ ಔಷಧಿ ಕ್ಯಾಬಿನೆಟ್ ಇರುತ್ತದೆ, ಎಟಿಎಂ ಥರ. ಬೆರಳಿಟ್ಟು ರೋಗಿಯ ಹೆಸರು ಆರಿಸಿದರೆ, ಫಾರ್ಮಸಿಸ್ಟ್ ಸರಿ ಅಂದ ಔಷಧಿಯ ಡ್ರಾಯರ್ ಮಾತ್ರ ತೆರೆಯುತ್ತದೆ. ಎಮರ್ಜೆನ್ಸಿಗೆ ಅಂತ ಓವರ್‌ರೈಡ್ ಇದೆ, ಅಂದರೆ ಫಾರ್ಮಸಿಸ್ಟ್ ನೋಡುವ ಮೊದಲೇ ತೆಗೆಯಬಹುದು. ಅದು ಬೇಕೇ ಬೇಕು. ಅದೇ ಅಪಾಯದ ಜಾಗವೂ ಹೌದು.

ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ಆಸ್ಪತ್ರೆಯ 2017ರ ಕೇಸ್ ಇಲ್ಲಿನ ಪ್ರತಿ ನರ್ಸ್‌ಗೂ ಗೊತ್ತು. ದೇಹದ ಸ್ಕ್ಯಾನ್ ಪರೀಕ್ಷೆಗೆ ಹೋದ ರೋಗಿಗೆ ಭಯ ಕಡಿಮೆಯಾಗಲಿ ಅಂತ ವರ್ಸೆಡ್ ಕೊಡಬೇಕಿತ್ತು. ಕ್ಯಾಬಿನೆಟ್‌ನಲ್ಲಿ ಅದು ಮಿಡಜೋಲಾಮ್ ಅನ್ನುವ ಹೆಸರಲ್ಲಿತ್ತು. ನರ್ಸ್ ಓವರ್‌ರೈಡ್‌ಗೆ ಹೋಗಿ ವಿ, ಇ ಅಂತ ಎರಡು ಅಕ್ಷರ ಒತ್ತಿದರು. ಬಂದದ್ದು ವೆಕ್ಯುರೋನಿಯಮ್, ಉಸಿರಾಟದ ಸ್ನಾಯುವನ್ನೇ ನಿಲ್ಲಿಸುವ ಔಷಧಿ. ಆ ಸ್ಕ್ಯಾನ್ ವಿಭಾಗದಲ್ಲಿ ಬಾರ್‌ಕೋಡ್ ಸ್ಕ್ಯಾನರ್ ಇರಲಿಲ್ಲ. 75 ವರ್ಷದ ಆ ಮಹಿಳೆ ತೀರಿಕೊಂಡರು. 2022ರಲ್ಲಿ ನರ್ಸ್ ಮೇಲೆ ಕ್ರಿಮಿನಲ್ ತೀರ್ಪು ಬಂತು, ಮೂರು ವರ್ಷ ಪ್ರೊಬೇಷನ್ (ಜೈಲಿನ ಬದಲು ಕೋರ್ಟಿನ ನಿಗಾ). ಅವರು ದಾಟಿದ ಎಚ್ಚರಿಕೆಗಳು ಕಡಿಮೆಯೇನಲ್ಲ, ಬಾಟಲಿಯ ಮುಚ್ಚಳದ ಮೇಲೇ ಎಚ್ಚರಿಕೆ ಬರೆದಿರುತ್ತದೆ. ಆದರೆ ಎರಡೇ ಅಕ್ಷರಕ್ಕೆ ಅಂಥ ಔಷಧಿ ತೆರೆದುಕೊಂಡದ್ದು ಯಾರ ತಪ್ಪು? ಆಮೇಲೆ ಕನಿಷ್ಠ ಐದು ಅಕ್ಷರ ಒತ್ತಿದರೆ ಮಾತ್ರ ಹೆಸರು ಬರಬೇಕು ಅಂತ ಇಲ್ಲಿನ ಔಷಧ ಸುರಕ್ಷತಾ ಸಂಸ್ಥೆಯವರು ಹೇಳಿದರು. ಕೋರ್ಟಿಗೆ ಎಳೆಯದೇ ಇದನ್ನು ಮಾಡಬಹುದಿತ್ತು ಅಂತ ನನಗೆ ಇನ್ನೂ ಸಿಟ್ಟಿದೆ.

ನೀವು ಕ್ಯಾಬಿನೆಟ್ ತರುತ್ತಿಲ್ಲ, ಸರಿ. ಆದರೆ ನಿಮ್ಮ ವಾರ್ಡ್ ಸ್ಟಾಕ್, ಕ್ರ್ಯಾಶ್ ಕಾರ್ಟ್ (ತುರ್ತು ಔಷಧಿಗಳ ಗಾಡಿ) ಕೂಡ ಇಂಥದ್ದೇ ಅಡ್ಡದಾರಿ. ಸ್ನಾಯು ನಿಲ್ಲಿಸುವ ಔಷಧಿ ಓಟಿ, ಐಸಿಯು ಬಿಟ್ಟು ಬೇರೆಲ್ಲೂ ಇಡಬೇಡಿ. ಸ್ಕ್ಯಾನರ್ ಕೊಡುವಾಗ ರೇಡಿಯಾಲಜಿ, ಡಯಾಲಿಸಿಸ್, ಕ್ಯಾಶುಯಾಲ್ಟಿ ಬಿಡಬೇಡಿ. ಎಲ್ಲರೂ ವಾರ್ಡ್‌ಗೆ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ.

ಇನ್ನೊಂದು ವಿಷಯ, ಸಿಸ್ಟರ್‌ಗಳನ್ನು ಕೇಳದೆ ಸ್ಕ್ಯಾನರ್ ಕೊಳ್ಳಬೇಡಿ. ಕೈಪಟ್ಟಿ ನೀರು ತಾಗಿ ಅಳಿಸಿದರೆ, ರಾತ್ರಿ ರೋಗಿ ಕೈ ಅಡಿ ಹಾಕಿ ಮಲಗಿದ್ದರೆ, ಬ್ಯಾಟರಿ ಅರ್ಧ ಶಿಫ್ಟ್‌ಗೆ ಸತ್ತರೆ ಏನಾಗುತ್ತದೆ? ಇನ್ನೊಂದು ಪಟ್ಟಿ ಪ್ರಿಂಟ್ ಮಾಡಿ ನರ್ಸ್ ಸ್ಟೇಷನ್ ಮೇಜಿಗೆ ಅಂಟಿಸುತ್ತಾರೆ. ಅಲ್ಲೇ ಕೂತು ಎಲ್ಲರದ್ದೂ ಟಪಟಪ ಸ್ಕ್ಯಾನ್. ಇದು ಸೋಮಾರಿತನ ಅಲ್ಲ. 2008ರಲ್ಲಿ ಇಲ್ಲಿನ ಆಸ್ಪತ್ರೆಗಳನ್ನು ನೋಡಿ ಬರೆದ ಅಧ್ಯಯನದಲ್ಲಿ ಇಂಥ 15 ಬಗೆಯ ಅಡ್ಡದಾರಿ, ಅವಕ್ಕೆ 31 ಕಾರಣ ಸಿಕ್ಕಿದ್ದವು. ಅಂದಹಾಗೆ ಈ ಬೆಡ್‌ಸೈಡ್ ಸ್ಕ್ಯಾನ್ ಐಡಿಯಾ ಕೊಟ್ಟದ್ದೂ ಒಬ್ಬ ನರ್ಸೇ. ಕಾನ್ಸಾಸ್‌ನ ಟೊಪೀಕಾದಲ್ಲಿ ಮಾಜಿ ಸೈನಿಕರ ಆಸ್ಪತ್ರೆಯವರು. ಬಾಡಿಗೆ ಕಾರು ವಾಪಸ್ ಕೊಡುವಾಗ ಅಲ್ಲಿನ ಹುಡುಗ ಕಾರನ್ನು ಸ್ಕ್ಯಾನ್ ಮಾಡಿದ್ದು ನೋಡಿ ಹೊಳೆದದ್ದಂತೆ.

ಬೆಣ್ಣೆದೋಸೆ_ಫಾರ್ಮಸಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಾವನವರು ಹೇಳಿದ ಹಾಗೆ ಡ್ರಗ್ ಮಾಸ್ಟರ್ ತೆಗೆದು ನೋಡಿದೆ. ಪ್ಯಾರಾಸಿಟಮಾಲ್ ವಿಷಯ ಇಲ್ಲಿ ಬರೆಯುವುದಿಲ್ಲ, ಮಾನ ಹೋಗುತ್ತದೆ.

ಇನ್ನೊಂದು ಅನುಮಾನ. ಅಮೆರಿಕದಲ್ಲಿ ಒಂದೊಂದು ಮಾತ್ರೆಗೂ ಬಾರ್‌ಕೋಡ್ ಇರುತ್ತದಂತೆ. ನಮ್ಮಲ್ಲಿ ಹತ್ತರ ಸ್ಟ್ರಿಪ್, ವಾರ್ಡ್‌ಗೆ ಮೂರು ಮಾತ್ರೆ ಬೇಕು ಅಂದರೆ ಕತ್ತರಿಯಲ್ಲಿ ಕತ್ತರಿಸಿ ಕೊಡುತ್ತೇವೆ. ಆ ತುಂಡಿನಲ್ಲಿ ಹೆಸರೇ ಅರ್ಧ ಹೋಗಿರುತ್ತದೆ, ಎಕ್ಸ್‌ಪೈರಿ ಇನ್ನೊಂದು ತುದಿಯಲ್ಲಿ. ಏನನ್ನು ಸ್ಕ್ಯಾನ್ ಮಾಡುವುದು? ಇನ್ನು ಕೆಲವರು ಹೊರಗಿನ ಅಂಗಡಿಯಿಂದ ತಂದುಕೊಡುತ್ತಾರೆ.

ತಾಲ್ಲೂಕ್_ಆಸ್ಪತ್ರೆ:

ನಾನು ಸರ್ಕಾರಿ ಆಸ್ಪತ್ರೆಯ ಫಾರ್ಮಸಿ ಆಫೀಸರ್. ನಿಮ್ಮ ರೋಬೋಟು, ಪಂಪು ಓದಿ ಖುಷಿ ಆಯಿತು, ನಮ್ಮಲ್ಲಿ ಕರೆಂಟ್ ಹೋದರೆ ಪ್ರಿಂಟರೂ ಇಲ್ಲ.

ಕೇಂದ್ರ ಸರ್ಕಾರದ ನಿಯಮ ಬಂದು 2023ರ ಆಗಸ್ಟ್ 1ರಿಂದ 300 ಬ್ರ್ಯಾಂಡ್‌ಗಳ ಮೇಲೆ ಬಾರ್‌ಕೋಡ್ ಇಲ್ಲವೇ ಕ್ಯೂಆರ್ ಕೋಡ್ ಕಡ್ಡಾಯ ಆಗಿದೆ. ಬ್ಯಾಚ್, ಎಕ್ಸ್‌ಪೈರಿ, ಲೈಸೆನ್ಸ್ ನಂಬರ್ ಎಲ್ಲ ಅದರಲ್ಲಿ ಬರುತ್ತದೆ. ಆದರೆ ಅದು ಮುಖ್ಯವಾಗಿ ನಕಲಿ ಔಷಧಿ ಹಿಡಿಯಲು ತಂದದ್ದು. ಸ್ಟ್ರಿಪ್‌ನಲ್ಲಿ ಜಾಗ ಇಲ್ಲದಿದ್ದರೆ ಹೊರಗಿನ ಡಬ್ಬಿ ಮೇಲೆ ಹಾಕಿದರೂ ನಡೆಯುತ್ತದೆ. ಕತ್ತರಿಸಿದ ತುಂಡಿಗೆ ಅದು ನಿಮ್ಮ ಸಹಾಯಕ್ಕೆ ಬರುವುದಿಲ್ಲ.

ದುಡ್ಡಿಲ್ಲದೆ ಆಗುವುದು ಒಂದು ಹೇಳುತ್ತೇನೆ. ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲ್‌ಗಳನ್ನು ವಾರ್ಡ್ ಟ್ರೇಯಿಂದ ತೆಗೆದುಬಿಡಿ. ನೀರಿನ ಆಂಪೂಲ್ ಪಕ್ಕದಲ್ಲಿ ಅದು ಇರುವುದೇ ಅಪಾಯ. ಯಾವ ಸ್ಕ್ಯಾನರೂ ಬೇಕಿಲ್ಲ ಇದಕ್ಕೆ. ಡೋಪಮಿನ್, ಡೊಬ್ಯುಟಮಿನ್ ಥರ ಹೆಸರು ಹೋಲುವವನ್ನು ಒಂದೇ ಶೆಲ್ಫ್‌ನಲ್ಲಿ ಇಡಬೇಡಿ. ಸಾಫ್ಟ್‌ವೇರ್ ಪಟ್ಟಿ ಎಬಿಸಿಡಿ ಪ್ರಕಾರ ಬರುತ್ತದೆ ಅಂತ ಶೆಲ್ಫನ್ನೂ ಹಾಗೇ ಜೋಡಿಸುವವರನ್ನು ನೋಡಿದ್ದೇನೆ.

ವಾರ್ಡ್‌ರೌಂಡ್_ಮೈಸೂರು:

ಆಫೀಸರ್ ಹೇಳಿದ್ದಕ್ಕೆ ನೂರಕ್ಕೆ ನೂರು ಒಪ್ಪಿಗೆ.

ಸ್ಟ್ರಿಪ್ ವಿಷಯ: ಫಾರ್ಮಸಿಯಲ್ಲೇ ಒಂದೊಂದು ಮಾತ್ರೆ ಕವರ್‌ಗೆ ಹಾಕಿ, ಹೆಸರು, ಬ್ಯಾಚ್, ಎಕ್ಸ್‌ಪೈರಿ, ಬಾರ್‌ಕೋಡ್ ಇರುವ ಲೇಬಲ್ ಅಂಟಿಸುವ ಆಸ್ಪತ್ರೆಗಳಿವೆ. ಆದರೆ ಲೇಬಲ್ ಅಂಟಿಸುವಾಗಲೇ ಅದಲುಬದಲಾದರೆ ಸ್ಕ್ಯಾನರ್ ಆ ತಪ್ಪಿಗೆ ಹಸಿರು ಮುದ್ರೆ ಒತ್ತುತ್ತದೆ. ಒಬ್ಬರು ಹಾಕಿ ಇನ್ನೊಬ್ಬರು ನೋಡುವಷ್ಟು ಜನ ಇಲ್ಲದಿದ್ದರೆ ಮಾತ್ರೆಗಳಿಗೆ ಈಗಲೇ ಕೈ ಹಾಕಬೇಡಿ. ಇಂಜೆಕ್ಷನ್‌ಗಳಿಂದ ಶುರು ಮಾಡಿ. ವಯಲ್ (ಇಂಜೆಕ್ಷನ್‌ನ ಪುಟ್ಟ ಬಾಟಲಿ) ಬಿಡಿಯಾಗಿ ಬರುತ್ತದೆ, ಜಾಸ್ತಿ ಅಪಾಯದ ಔಷಧಿಗಳೂ ಅಲ್ಲೇ ಇರುವುದು. ಹೊರಗಿನಿಂದ ತಂದದ್ದು ಮೊದಲು ನಿಮ್ಮ ಕೌಂಟರ್‌ಗೆ ಬಂದು, ನೋಡಿ, ಲೇಬಲ್ ಹಾಕಿಯೇ ಮೇಲೆ ಹೋಗಲಿ.

ಇನ್ಸುಲಿನ್ ಒಂದನ್ನು ವಿಶೇಷವಾಗಿ ನೋಡಿ. ನಮ್ಮಲ್ಲಿ ಎಂಎಲ್‌ಗೆ 40 ಯೂನಿಟ್‌ನ ವಯಲೂ ಇದೆ, 100 ಯೂನಿಟ್‌ನದ್ದೂ ಇದೆ. ಸಿರಿಂಜ್‌ಗಳೂ ಬೇರೆ, ಕೆಂಪು ಮುಚ್ಚಳದ್ದು 40ಕ್ಕೆ, ಕಿತ್ತಳೆ ಬಣ್ಣದ್ದು 100ಕ್ಕೆ. 100ರ ಇನ್ಸುಲಿನ್ನನ್ನು 40ರ ಸಿರಿಂಜ್‌ನಲ್ಲಿ ಎಳೆದರೆ ಎರಡೂವರೆ ಪಟ್ಟು ಹೋಗುತ್ತದೆ. ವಯಲ್ ಸ್ಕ್ಯಾನ್ ಮಾಡಿದರೆ ಹಸಿರೇ ಬರುತ್ತದೆ, ಸಿರಿಂಜ್ ಯಾವುದು ಅಂತ ಯಾರೂ ಕೇಳುವುದಿಲ್ಲ. ಇಂಥ ಕಡೆ ಇಬ್ಬರು ಸಿಸ್ಟರ್ ಬೇರೆ ಬೇರೆಯಾಗಿ ನೋಡುವ ಹಳೇ ಪದ್ಧತಿಯನ್ನು ಕೈಬಿಡಬೇಡಿ. ಸಾಧ್ಯವಾದರೆ ಇಡೀ ಆಸ್ಪತ್ರೆಗೆ ಒಂದೇ ಸ್ಟ್ರೆಂತ್ ಮಾಡಿಬಿಡಿ.

ಇಂಟರ್ಫೇಸ್_ಮಾವ:

ಮುಂದಿನ ಡೆಮೊದಲ್ಲಿ ಅವರ ಕೈಗೆ ಮೌಸ್ ಕೊಡಬೇಡಿ. ನೀವೇ ಕೂತು ಮೆಥೋಟ್ರೆಕ್ಸೇಟ್ 10 ಎಂಜಿ, ದಿನಕ್ಕೊಂದು, ಕಾರಣ ಕೀಲುವಾತ ಅಂತ ಆರ್ಡರ್ ಹಾಕಿ. ವಾರಕ್ಕೊಂದು ಕೊಡಬೇಕಾದದ್ದು ಅದು. ಏನು ಮಾಡುತ್ತದೆ ನೋಡಿ. ಮಗುವಿನ ತೂಕದ ಜಾಗದಲ್ಲಿ 12ರ ಬದಲು 120 ಹಾಕಿ ನೋಡಿ. ಆಮೇಲೆ ಒಂದು ಆರ್ಡರ್ ನಿಲ್ಲಿಸಿ, ನೆಟ್‌ವರ್ಕ್ ಕೇಬಲ್ ಕಿತ್ತು, ಐದು ನಿಮಿಷ ಬಿಟ್ಟು ಹಾಕಿ, ಎರಡೂ ಸ್ಕ್ರೀನ್ ಅಕ್ಕಪಕ್ಕ ಇಟ್ಟು ನೋಡಿ.

ಬೆಣ್ಣೆದೋಸೆ_ಫಾರ್ಮಸಿ:

ಡೆಮೊ ಆಯಿತು. ಹೇಳಿದ್ದೆಲ್ಲ ಮಾಡಿದೆ. ಮೆಥೋಟ್ರೆಕ್ಸೇಟ್‌ಗೆ ಸ್ಕ್ರೀನ್‌ನಲ್ಲಿ ಒಂದು ಹಳದಿ ಎಚ್ಚರಿಕೆ ಬಂತು, ಓಕೆ ಒತ್ತಿದರೆ ಆರ್ಡರ್ ಹೋಯಿತು. 120 ಕೆಜಿ ಮಗುವನ್ನು ಸಾಫ್ಟ್‌ವೇರ್ ಸಂತೋಷದಿಂದ ಒಪ್ಪಿಕೊಂಡಿತು. ಕೇಬಲ್ ಕೀಳಲು ಬಿಡಲಿಲ್ಲ. ಕೇಳಿದರೆ 'ಸರ್, ಮಿತಿಗಳನ್ನೆಲ್ಲ ಹಾಕಬಹುದು, ಯಾವುದಕ್ಕೆ ಎಷ್ಟು ಅಂತ ನಿಮ್ಮ ಫಾರ್ಮಸಿಯೇ ಕೊಡಬೇಕು' ಅಂದರು. ಮೆಡಿಕಲ್ ಡೈರೆಕ್ಟರ್ ಅಲ್ಲೇ ಇದ್ದರು, ಮುಖ ಸ್ವಲ್ಪ ಸಪ್ಪಗಾಯಿತು. ಲಿಸ್ಟ್ ರೆಡಿ ಆಗುವ ತನಕ ಗೋ-ಲೈವ್ (ಸಿಸ್ಟಮ್ ನಿಜವಾಗಿ ಶುರುವಾಗುವ) ತಾರೀಖು ಹೇಳಬೇಡಿ ಅಂತ ಅವರೇ ಹೇಳಿದರು.

ಈಗ ಲಿಸ್ಟ್ ನನ್ನ ತಲೆ ಮೇಲೆ. ಎಲ್ಲಿಂದ ಶುರು ಮಾಡಲಿ?

ವಾರ್ಡ್‌ರೌಂಡ್_ಮೈಸೂರು:

ಎಲ್ಲ ಔಷಧಿಗೂ ಮಿತಿ ಹಾಕಲು ಹೋಗಬೇಡಿ, ಅಲರ್ಟ್ ಮಳೆ ಸುರಿದು ಒಂದೇ ವಾರದಲ್ಲಿ ಡಾಕ್ಟರೆಲ್ಲ ಕಣ್ಮುಚ್ಚಿ ಓಕೆ ಒತ್ತುತ್ತಾರೆ. ಇನ್ಸುಲಿನ್, ಹೆಪಾರಿನ್, ವಾರ್ಫರಿನ್, ಪೊಟ್ಯಾಸಿಯಂ, ಮಾರ್ಫಿನ್ ಫೆಂಟನಿಲ್, ಮೆಥೋಟ್ರೆಕ್ಸೇಟ್, ಐಸಿಯು ಡ್ರಿಪ್‌ಗಳು, ಮಕ್ಕಳ ಪ್ಯಾರಾಸಿಟಮಾಲ್. ಇವಕ್ಕೆ ಮಾತ್ರ ದಾಟಲಾಗದ ಮಿತಿ, ಬೇರೆಯವಕ್ಕೆ ಆಮೇಲೆ. ಒಂದೊಂದಕ್ಕೂ ಒಬ್ಬ ಡಾಕ್ಟರ್ ಸಹಿ ತೆಗೆದುಕೊಳ್ಳಿ, ಇಲ್ಲದಿದ್ದರೆ ಮೊದಲ ದಿನವೇ 'ಈ ಮಿತಿ ಯಾರು ಹಾಕಿದ್ದು' ಅಂತ ಫೋನ್ ನಿಮಗೇ ಬರುತ್ತದೆ. ನಾವು ಮಾಡಿಕೊಂಡ ಎಕ್ಸೆಲ್ ಶೀಟ್ ಇದೆ, ರೋಗಿಗಳ ವಿವರ ಏನೂ ಇಲ್ಲ ಅದರಲ್ಲಿ. ಭಾನುವಾರ ಇಲ್ಲೇ ಹಾಕುತ್ತೇನೆ, ಸಾಂದ್ರತೆಗಳನ್ನು ಮಾತ್ರ ನಿಮ್ಮ ಐಸಿಯುದವರ ಜೊತೆ ಕೂತು ಬದಲಾಯಿಸಿಕೊಳ್ಳಿ.